ಅಮ್ಮನ ಶೀತ

ಕಾಫಿ ಒತ್ತುವ ಗಾಜಿನ ಪ್ರೆಸ್ಸಿನ ತಳಕ್ಕೆ ಕೈ ಇಳಿಸಿ ಮಗಳು ಗಸಿ ಕೆರೆಯುತ್ತಿದ್ದಳು. ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ ಬೆಳಿಗ್ಗೆ ಮಾಡಿದ್ದ ಕಾಫಿ ಅದು. ತೊಳೆಯುವವರಿಲ್ಲದೆ ಅಂದಿನಿಂದ ಹಾಗೇ ಕೂತಿತ್ತು. ಮೇಲೆ ಹಸಿರು ಬೂಷ್ಟು ಹಿಡಿದು, ಸತ್ತ ಇಲಿಯ ಬೆನ್ನಿನಂತೆ ರೋಮ ಬಿಟ್ಟಿತ್ತು. ಬೆರಳು ತಾಗಿದ್ದೇ ತಡ, ಮೆತ್ತಗೆ ಕುಸಿದು ಹುಳಿ ನಾತ ಎದ್ದಿತು. ಅವಳು ಮುಖ ಅತ್ತ ತಿರುಗಿಸಿ ಉಗುಳು ನುಂಗಿದಳು.

“ಆಯ್ತಾ?” ಅಪ್ಪ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದರು. “ಸೋಸೋ ಬಟ್ಟೆನೂ ತೊಳೆದುಬಿಡು. ಗಾಡಿ ಬರೋದ್ರೊಳಗೆ ಎಲ್ಲಾ ಥರದ ಕಾಫಿನೂ ಮಾಡ್ಬೇಕು.”

“ಯಾರಿಗಪ್ಪ ಈಗ ಕಾಫಿ?”

“ನಿಮ್ಮಮ್ಮನಿಗೆ. ಪರಿಮಳ ತಗೊಂಡು ಹೋಗ್ಲಿ. ಅವಳಂಥ ಮೂಗು ಇನ್ನೊಬ್ಬರಿಗಿಲ್ಲ.”

ಮಗಳು ಪ್ರೆಸ್ಸು ತೊಳೆದಿಟ್ಟಳು. ಮೂಲೆಯಲ್ಲಿ ಮುದುಡಿ ಬಿದ್ದಿದ್ದ ಸೋಸುವ ಬಟ್ಟೆಯನ್ನು ಮಾತ್ರ ಮುಟ್ಟಲಾಗಲಿಲ್ಲ. ಅದರೊಳಗೆ ಏನೋ ಮಿಸುಕಿದಂತಿತ್ತು. ಅದನ್ನು ಚಮಚದಿಂದ ಸಿಂಕಿನ ಅಂಚಿಗೆ ತಳ್ಳಿ ಬಂದಳು.

ನಡುಮನೆಯಲ್ಲಿ ಅಮ್ಮನನ್ನು ಮಲಗಿಸಿದ್ದ ಪೆಟ್ಟಿಗೆಯ ಮುಚ್ಚಳ ಇನ್ನೂ ತೆರೆದೇ ಇತ್ತು. ಬಿಳಿ ಹೊದಿಕೆಯಿಂದಾಚೆ ಅಮ್ಮನ ಮುಖ. ಮೂಗಿನ ಹೊಳ್ಳೆಗಳಲ್ಲಿ ಹತ್ತಿ. ಹತ್ತಿ ಇಟ್ಟವಳು ಅಮ್ಮನ ಜೊತೆ ಆಸ್ಪತ್ರೆಯಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುತ್ತಿದ್ದ ನರ್ಸ್ ಗೆಳತಿ. ಅವಳು ಪಕ್ಕದ ಮನೆಯ ಟೈಲರ್‌ಗೆ ಹೇಳುತ್ತಿದ್ದಳು, “ಇವಳಿಗೆ ಹೇಸಿಗೆ ಅನ್ನೋದೇ ಇರ್ಲಿಲ್ಲ ನೋಡಿ. ಹುಳ ಬಿದ್ದ ಗಾಯ ತೊಳೆದು, ಕೈ ತೊಳ್ಕೊಂಡು, ಹಾಡು ಗುನುಗ್ತಾ ಊಟಕ್ಕೆ ಕೂರ್ತಿದ್ದಳು. ನಾನು ಮಾತ್ರ ಉಪವಾಸ.”

“ಗಾಯ ಹಾಗಿರ್ಲಿ,” ಟೈಲರ್ ದನಿ ತಗ್ಗಿಸಿದ. “ಯಜಮಾನರ ಕಾಫಿ ಕುಡಿದ ದಿನ ನಾನು ನಿದ್ದೆ ಬರದೆ ಬೆಳಗಿನ ತನಕ ಗುಂಡಿಗೆ ಕಾಜಾ ಹೊಲೀತಿದ್ದೆ. ಅದನ್ನ ಅರಗಿಸಿಕೊಂಡವರು ಅಂದ್ರೆ ಅಕ್ಕ ಒಬ್ಬರೇ.”

* * *

ಅಮ್ಮ ಇದ್ದಾಗ, ರಜೆಯ ಬೆಳಿಗ್ಗೆ ಅಪ್ಪ ಗಡಿಯಾರ ರಿಪೇರಿಯ ಮೇಜಿನ ಮೇಲೆ ಲೋಟಗಳನ್ನು ಸಾಲಾಗಿ ಇಡುತ್ತಿದ್ದರು. ಒಂದು ಬಟ್ಟೆಯಲ್ಲಿ ಸೋಸಿದ್ದು, ಒಂದು ಫಿಲ್ಟರಿನದು, ಒಂದು ಪ್ರೆಸ್ಸಿನಲ್ಲಿ ಒತ್ತಿದ್ದು, ಇನ್ನೊಂದು ಆವಿಯ ಒತ್ತಡಕ್ಕೆ ಮೇಲುಕ್ಕಿ ಬಂದಿದ್ದು. ಒಂದೊಂದನ್ನೂ ಮೊದಲು ತಾವು ಗುಟುಕರಿಸಿ ಆಮೇಲೆ ಅಮ್ಮನತ್ತ ಸರಿಸುತ್ತಿದ್ದರು.

“ಯಾವುದು?”

ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಒಂದು ಲೋಟ ತೋರಿಸುತ್ತಿದ್ದಳು. ಒಮ್ಮೆಯೂ ತಪ್ಪಿದ್ದಿಲ್ಲ. “ವರ್ಷವಿಡೀ ಶೀತ, ಆದ್ರೂ ಎಂಥಾ ಮೂಗು ನೋಡು,” ಎಂದು ಅಪ್ಪ ಹಿಗ್ಗುತ್ತಿದ್ದರು. ಆಮೇಲೆ ಪಾತ್ರೆಗಳೆಲ್ಲ ಸಿಂಕಿಗೆ. ಸಿಂಕು ಅಮ್ಮನದು.

ಅಲ್ಲಿ ಸೋಪಿನ ಹಿಂದೆ ಹಳೇ ಮಾತ್ರೆ ಡಬ್ಬಿಯೊಂದು ಇರುತ್ತಿತ್ತು. ಅಮ್ಮ ಅದರಿಂದ ಹತ್ತಿ ತೆಗೆದು ಮೂಗಿಗೆ ತುರುಕಿಕೊಂಡೇ ಗಸಿ ಕೆರೆಯುತ್ತಿದ್ದಳು. ಚಿಕ್ಕವಳಿದ್ದಾಗ ಮಗಳು ಅದು ಶೀತಕ್ಕೆಂದೇ ನಂಬಿದ್ದಳು. ದೊಡ್ಡವಳಾದ ಮೇಲೆ ಒಂದು ದಿನ ಕೇಳಿಯೇಬಿಟ್ಟಳು.

“ಈ ಸೆಕೆಯಲ್ಲೂ ಶೀತಾನಾ ಅಮ್ಮ?”

ಅಮ್ಮ ಹಿಂದೆ ತಿರುಗಿ ನೋಡಿ ಬಾಗಿಲು ಓರೆ ಮಾಡಿದಳು. “ಕೀವಾದ್ರೂ ತಡ್ಕೋತೀನಿ. ಈ ಕಾಫಿ ವಾಸನೆ ಹೊಟ್ಟೆ ತೊಳಸುತ್ತೆ ಕಣೇ.”

“ಮತ್ತೆ ಯಾವ್ದು ಚೆನ್ನಾಗಿದೆ ಅಂತ ಹೇಗೆ ಹೇಳ್ತೀಯ?”

“ಅವರೇ ಮೊದಲು ಕುಡೀತಾರಲ್ಲ. ಯಾವ ಲೋಟಕ್ಕೆ ಎಡಗಡೆ ಹುಬ್ಬು ಏಳುತ್ತೋ ಅದು. ನಾನು ಉಸಿರು ಕಟ್ಟಿ ನುಂಗಿಬಿಡ್ತೀನಿ.”

“ಹೇಳಿಬಿಡಬಾರ್ದಾ?”

“ಮದುವೆಯಾದ ಹೊಸದ್ರಲ್ಲಿ ಒಂದು ಲೋಟ ಮಾಡಿ ತಂದುಕೊಟ್ರು. ಅಲ್ಲೀತನಕ ನನಗೆ ಅಂತ ಯಾರೂ ಒಲೆ ಹಚ್ಚಿರ್ಲಿಲ್ಲ. ಚೆನ್ನಾಗಿದೆ ಅಂದೆ.” ಅಮ್ಮ ನಲ್ಲಿ ತಿರುಗಿಸಿದಳು. “ನೀನೂ ಬಾಯಿಬಿಡಬೇಡ.”

ಅಜ್ಜಿ ಹೇಳುತ್ತಿದ್ದ ಕತೆಗಳಲ್ಲಿ ಒಮ್ಮೆ ಕೊಟ್ಟ ವರವನ್ನು ಯಾವ ದೇವತೆಯೂ ಹಿಂದಕ್ಕೆ ಪಡೆಯುತ್ತಿರಲಿಲ್ಲ. ಅಮ್ಮನ ‘ಚೆನ್ನಾಗಿದೆ’ಯೂ ಆ ಜಾತಿಯದೇ ಎಂದುಕೊಂಡು ಮಗಳು ಸುಮ್ಮನಾಗಿದ್ದಳು.

* * *

ಪೆಟ್ಟಿಗೆಯ ಪಕ್ಕದ ಕುರ್ಚಿಯ ಮೇಲೆ, ಬಟ್ಟೆಯಲ್ಲಿ ಸೋಸಿದ್ದೊಂದು ಬಿಟ್ಟು, ಉಳಿದ ಲೋಟಗಳು ಸಾಲಾಗಿ ಕೂತವು. ಹೂವು, ಫಿನಾಯಿಲು, ಬಿಸಿ ಡಿಕಾಕ್ಷನ್ ಎಲ್ಲ ಬೆರೆತು ನಡುಮನೆ ಕಮಟಿತು. ಅಪ್ಪ ಒಂದೊಂದಾಗಿ ಗುಟುಕರಿಸಿದರು. ಮೂರನೆಯದಕ್ಕೆ ಎಡಗಡೆ ಹುಬ್ಬು ಎದ್ದಿತು.

“ಇದೇ. ಇವತ್ತು ಇದನ್ನೇ ತೋರಿಸ್ತಿದ್ದಳು.” ಲೋಟವನ್ನು ಅಮ್ಮನ ಮುಖದ ಹತ್ತಿರ ತಂದರು. “ಸಿಸ್ಟರ್, ಆ ಹತ್ತಿ ಒಂದ್ನಿಮಿಷ ತೆಗೀರಿ.”

“ಬೇಡ ಸಾರ್. ಈಗ ತೆಗೆದ್ರೆ ಏನೇನೋ ಹೊರಗೆ ಬರುತ್ತೆ.”

“ಬರ್ಲಿ ಬಿಡಿ. ಕೊನೇ ಸಲ ಮೂಸಿ ಹೋಗ್ಲಿ.”

ಅವರೇ ಬಾಗಿ ಹತ್ತಿಯ ತುದಿ ಹಿಡಿದು ಎಳೆದರು. ಅರ್ಧ ಬಂತು. ಲೋಟ ಓರೆಯಾಗಿ ಅಮ್ಮನ ಕೆನ್ನೆಗೆ ಕಂದು ಹನಿಯೊಂದು ಬಿದ್ದು, ತುಟಿಯ ಕಡೆ ಹರಿಯತೊಡಗಿತು. ಅಮ್ಮ ಇನ್ನು ಉಸಿರು ಕಟ್ಟಲಾರಳು. ಹೇಳಿಬಿಡೋಣವೆಂದು ಮಗಳು ಬಾಯಿ ತೆರೆದಳು. ಅಪ್ಪನ ಹುಬ್ಬು ಇನ್ನೂ ಇಳಿದಿರಲಿಲ್ಲ.

ಅವಳು ಅವರ ಮಣಿಕಟ್ಟು ಹಿಡಿದಳು. “ಅಮ್ಮನಿಗೆ ಶೀತ ಅಪ್ಪ. ಬಿಡಿ.”

“ಇವತ್ತೂನಾ?”

“ಇವತ್ತೂ.”

ನರ್ಸ್ ತಲೆಯೆತ್ತಿದಳು. “ಶೀತಾನಾ? ಇವಳಿಗಾ? ವಾರ್ಡಿನವರೆಲ್ಲ ಕೆಮ್ಮಿ ಮಲಗಿದಾಗ್ಲೂ ಇವಳೊಬ್ಬಳೇ ಡ್ಯೂಟಿ ಮಾಡ್ತಿದ್ದಳು. ಒಂದು ಸೀನು ಸೀನಿದ್ದು ನಾನು ನೋಡಿಲ್ಲ.”

ಅಪ್ಪ ಕೈಯಲ್ಲಿದ್ದ ಲೋಟ ನೋಡಿದರು. ಅದರ ಮೇಲೆ ಆಗಲೇ ಕೆನೆ ಕಟ್ಟಿ ನೊಣ ಬಂದು ಕೂತಿತ್ತು.

“ಚೆಲ್ಲಿ ಬರ್ತೀನಿ,” ಎಂದರು.

“ಕೊಡಿ, ನಾನು ಚೆಲ್ತೀನಿ.”

ಕೊಡಲಿಲ್ಲ. ಮಗಳು ಅಡುಗೆಮನೆ ಬಾಗಿಲವರೆಗೆ ಹಿಂದೆಯೇ ಹೋದಳು. ಅಪ್ಪ ಸಿಂಕಿನ ಮುಂದೆ ಹೊಸಬರಂತೆ ನಿಂತಿದ್ದರು. ಲೋಟ ಬಗ್ಗಿಸಲು ಅಡ್ಡವಾಗಿದ್ದ ಸೋಸುವ ಬಟ್ಟೆಯನ್ನು ಎತ್ತಿದರು. ಅದು ಬಿಚ್ಚಿಕೊಂಡಿತು. ಕೊಳೆತ ಗಸಿ ಅಂಗೈಗೆ ಜಾರಿ, ಅದರೊಳಗಿಂದ ಬಿಳೀ ಹುಳಗಳು ಮಣಿಕಟ್ಟಿನತ್ತ ಹರಿದವು. ಅಪ್ಪ ಓಕರಿಸಿದರು. ಕೈ ಜಾಡಿಸಿ ಸೋಪಿಗೆ ತಡಕಾಡಿದಾಗ ಹಿಂದಿದ್ದ ಮಾತ್ರೆ ಡಬ್ಬಿ ಉರುಳಿ ತೆರೆದುಕೊಂಡಿತು. ಮೂಗಿನ ಅಳತೆಗೆ ಸುತ್ತಿಟ್ಟ ಹತ್ತಿಯ ಸಣ್ಣ ಸುರುಳಿಗಳು ಒದ್ದೆ ಸಿಂಕಿಗೆ ಚೆಲ್ಲಿದವು.

ಒಂದನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದರು. ಬಿಡಿಸಿದ ಗಡಿಯಾರದ ತಿರುಪನ್ನು ಹಾಗೆ ನೋಡುತ್ತಿದ್ದರು, ಅದು ಎಲ್ಲಿಗೆ ಸೇರಿದ್ದೆಂದು ತಿಳಿಯುವ ತನಕ.

ಕೈಯನ್ನು ಎರಡೆರಡು ಸಲ ತೊಳೆದುಕೊಂಡು ನಡುಮನೆಗೆ ಬಂದರು. ಬೀದಿಯಲ್ಲಿ ಗಾಡಿ ನಿಂತ ಸದ್ದಾಯಿತು. ಅಪ್ಪ ಪಂಚೆಯ ತುದಿಯಿಂದ ಅಮ್ಮನ ಕೆನ್ನೆಯ ಮೇಲಿದ್ದ ಕಂದು ಗೆರೆಯನ್ನು ಒರೆಸಿದರು. ಆಮೇಲೆ ಕಿರುಬೆರಳಿನಿಂದ, ತಾವು ಎಳೆದಿದ್ದ ಹತ್ತಿಯನ್ನು ಮೆಲ್ಲಗೆ ಒಳಗೆ ಒತ್ತಿ, ಇನ್ನೊಂದು ಹೊಳ್ಳೆಯದೂ ಭದ್ರವಾಗಿದೆಯೇ ಎಂದು ಮುಟ್ಟಿ ನೋಡಿದರು.