ಹಿಂದಕ್ಕೆ ತಿರುಗಬಾರದು

ವ್ಯಾನು ತರಿಸಿದ್ದು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ನಾಳೆ ಬೇರೆ ಯಾರೋ ಹೇಳಿ ನಿಮಗೆ ಗೊತ್ತಾಗುವುದು ಬೇಡ.

ಗಾವಡಗೆರೆಯಿಂದ ನಾಲ್ಕು ಕಿಲೋಮೀಟರ್ ಈಚೆಗೆ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಇದೆ. ಅದಕ್ಕೆ ನಾನೊಬ್ಬಳೇ ಟೀಚರು. ಹೆಸರು ಹುಮೇರಾ. ಹುಣಸೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಎರಡು ಕೋಣೆಗಳಿದ್ದವು, ಒಂದರ ಸೂರು ಮಳೆಗೆ ಕೂತುಹೋದ ಮೇಲೆ ಐದೂ ತರಗತಿ ಇನ್ನೊಂದರಲ್ಲೇ. ಮಕ್ಕಳು ಹದಿನಾಲ್ಕು. ಐವರು ಊರಿನವರು, ಒಂಬತ್ತು ಜನ ಮೈನ್ ರೋಡಿನ ಆಚೆಯ ಕೊಪ್ಪಲಿನವರು. ಹತ್ತಕ್ಕಿಂತ ಕಡಿಮೆಯಾದರೆ ಶಾಲೆ ಮುಚ್ಚುತ್ತಾರಂತೆ ಎಂದು ಊರೆಲ್ಲ ಮಾತು. ಆದೇಶವನ್ನು ಕಣ್ಣಿನಿಂದ ನೋಡಿದವರು ಒಬ್ಬರೂ ಇಲ್ಲ. ಆದರೂ ಕೆಟ್ಟ ಸುದ್ದಿಯ ವಿಷಯದಲ್ಲಿ ನಮ್ಮ ಜನರ ಕಿವಿ ಬಲು ಚುರುಕು, ಸುಳ್ಳಾಗುವುದು ಕಡಿಮೆ.

ತಲೆನೋವೆಲ್ಲ ಕೊಪ್ಪಲಿನ ಮಕ್ಕಳದ್ದೇ. ಮೂರು ವರ್ಷದ ಹಿಂದೆ ಮೈನ್ ರೋಡಿನಲ್ಲಿ ಒಬ್ಬ ಹುಡುಗಿಗೆ ಟಿಪ್ಪರ್ ಬಡಿದು ಕಾಲು ಮುರಿದಿತ್ತು. ಅಂದಿನಿಂದ ತಾಯಂದಿರು ಕೈ ಹಿಡಿದು ತಂದು ಬಿಟ್ಟು, ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದರು. ಬೇರೆಯವರ ಜೊತೆ ಕಳಿಸುವ ಮಾತೇ ಇರಲಿಲ್ಲ. ಹೊಗೆಸೊಪ್ಪು ಮುರಿಯುವ ಕಾಲ ಬಂತೆಂದರೆ ಮನೆಮಂದಿಯೆಲ್ಲ ಸೊಪ್ಪು ಕಟ್ಟುವುದರಲ್ಲಿ, ಅದನ್ನು ಒಣಗಿಸುವ ಬ್ಯಾರನ್ನಿಗೆ ಸೌದೆ ಹಾಕುವುದರಲ್ಲಿ ಮುಳುಗಿರುತ್ತಾರೆ. ಮಕ್ಕಳನ್ನು ತಂದು ಬಿಡುವವರಿಲ್ಲ. ತಿಂಗಳುಗಟ್ಟಲೆ ಒಂಬತ್ತು ಜಾಗ ಖಾಲಿ. ಮೇಲಿನವರು ತಲೆ ಎಣಿಸಲು ಬರುವುದೂ ಸರಿಯಾಗಿ ಆಗಲೇ.

ಅದಕ್ಕೇ ಕಳೆದ ವರ್ಷ ಜುಲೈನಲ್ಲಿ ಎಲ್ಲರನ್ನೂ ಕೂರಿಸಿ ಮಾತಾಡಿದೆ. ಶಾಲಾ ಸಮಿತಿಯ ಅಧ್ಯಕ್ಷ ಚೆಲುವರಾಜು ಬಂದರು. ಹಳೆ ವಿದ್ಯಾರ್ಥಿಗಳ ಸಂಘದಿಂದ, ಹುಣಸೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಮಹದೇವಪ್ರಸಾದ್ ಬಂದರು. ಸ್ತ್ರೀಶಕ್ತಿ ಸಂಘದಿಂದ ಸುನಂದಮ್ಮ. ಅವರು ನಮ್ಮ ಬಿಸಿಯೂಟದ ಅಡುಗೆಯವರೂ ಹೌದು. ಮೊಮ್ಮಗಳು ಪುಟ್ಟಿ ನಮ್ಮಲ್ಲೇ ಎರಡನೇ ತರಗತಿ.

"ನನ್ನ ಮೈದುನ ವಕಾರ್ ಹತ್ತಿರ ಓಮ್ನಿ ಇದೆ. ಸೊಪ್ಪಿನ ಕಾಲ ಮುಗಿಯುವ ತನಕ ಕೊಪ್ಪಲಿಗೆ ಓಡಿಸೋಣ" ಎಂದೆ. ಪೆಟ್ರೋಲಿನ ಖರ್ಚು ಮಹದೇವಪ್ರಸಾದ್ ಒಪ್ಪಿಕೊಂಡರು.

ಚೆಲುವರಾಜು ತಲೆ ಆಡಿಸಿದರು. "ವ್ಯಾನ್ ಬಂದ್ರೂ ಮಕ್ಕಳ್ನ ಅತ್ಸಾಕಿಲ್ಲ ಕಣ್ರೀ ಮೇಡಂ. ಆ ಎಂಗುಸ್ರು ಯಾರ್ನೂ ನಂಬಾಕಿಲ್ಲ."

"ನಾನು ಕೂತ್ಕೋತೀನಿ ಬುಡಿ ಮಕ್ಕಳ ಜೊತೇಲಿ" ಎಂದರು ಸುನಂದಮ್ಮ. "ನನ್ನ ಕಂಡ್ರೆ ಅತ್ಸೇ ಅತ್ಸುತಾರೆ."

ಹೇಳಿದಂತೆಯೇ ಕೂತರು. ದಿನಾ ಬೆಳಿಗ್ಗೆ ಓಮ್ನಿಯಲ್ಲಿ ಕೊಪ್ಪಲಿಗೆ ಹೋಗುವುದು, ಬಂದು ಒಲೆ ಹಚ್ಚುವುದು, ಸಂಜೆ ಮತ್ತೆ ಹೋಗಿ ಬಿಟ್ಟು ಬರುವುದು. ಉಳಿದವರಿಗೆ ಧೈರ್ಯ ಬರಲಿ ಎಂದು ಪುಟ್ಟಿಯನ್ನೂ ಕೂರಿಸಿಕೊಳ್ಳುತ್ತಿದ್ದರು. ಮೊದಲ ವಾರ ನಾನೂ ಹೋಗಿದ್ದೆ. ಅಬ್ಬಬ್ಬ, ಏನು ಗಲಾಟೆ! ಒಂದನೇ ತರಗತಿಯ ಚಿನ್ನು ವಕಾರ್‌ನ ಕೈ ಕಚ್ಚಿಬಿಟ್ಟ. ಮಕ್ಕಳು ಹಿಂದಿನ ಗಾಜಿಗೆ ಮುಖ ಒತ್ತಿ ಅಳುವುದು, ಅಲ್ಲಿ ರಸ್ತೆಯಲ್ಲಿ ತಾಯಂದಿರು ಸೆರಗು ಬಾಯಿಗೆ ಹಿಡಿದು ಅಳುವುದು. ಸುನಂದಮ್ಮ ಇಬ್ಬರಿಗೂ ಗದರಿದರು.

"ಇಂದಕ್ಕೆ ತಿರುಗ್ಬ್ಯಾಡಿ ಕಣ್ರಲಾ, ತಿರುಗುದ್ರೆ ಅಳು ಬತ್ತದೆ. ಡ್ರೈವರಣ್ಣನ ತಲೆ ನೋಡ್ತಾ ಕೂತ್ಕೊಳಿ. ನೀವೂ ಅಷ್ಟೆಯಾ, ಬಾಗ್ಲಲ್ಲಿ ನಿಂತ್ಕೋಬ್ಯಾಡಿ, ಒಳೀಕೆ ಓಗಿ!"

ಮೂರನೇ ವಾರಕ್ಕೆ ಅಳು ನಿಂತಿತು. ಆಮೇಲೆ ತಾಯಂದಿರು ಹೊರಗೆ ಬರುವುದನ್ನೂ ಬಿಟ್ಟರು, ಹಾರನ್ ಕೇಳಿದರೆ ಮಕ್ಕಳು ತಾವೇ ಓಡಿಬರುತ್ತಿದ್ದವು. ದಸರಾ ಹೊತ್ತಿಗೆ ಸುನಂದಮ್ಮ ಜೊತೆಗೆ ಹೋಗುವುದೇ ಬೇಕಾಗಲಿಲ್ಲ. ಆ ವರ್ಷ ಸೊಪ್ಪಿನ ಕಾಲದಲ್ಲಿ ಹಾಜರಿ ಒಂದು ದಿನವೂ ಹದಿಮೂರಕ್ಕಿಂತ ಇಳಿಯಲಿಲ್ಲ. ಸಾಹೇಬರು ಬಂದು ಎಣಿಸಿ, ಬೆನ್ನು ತಟ್ಟಿ, ಫೋಟೋ ತೆಗೆಸಿಕೊಂಡು ಹೋದರು. ಅವತ್ತು ಪಾಯಸ ಮಾಡಿದೆವು. ನನಗೆ ನಿಜಕ್ಕೂ ಖುಷಿಯಾಗಿತ್ತು. ಇಷ್ಟು ವರ್ಷದ ನೌಕರಿಯಲ್ಲಿ ಇದೊಂದನ್ನಾದರೂ ಉಳಿಸಿದೆ ಅಂದುಕೊಂಡೆ.

ಆ ಸಲ ಸೊಪ್ಪಿಗೆ ಒಳ್ಳೆಯ ಬೆಲೆ ಬಂತು. ಕೊಪ್ಪಲಿನವರ ಕೈಯಲ್ಲಿ ನಾಲ್ಕು ಕಾಸು ಆಡಿತು. ಜೂನ್‌ನಲ್ಲಿ ಶಾಲೆ ಶುರುವಾದ ದಿನ ತಳಿರುತೋರಣ ಕಟ್ಟಿ ಕಾದೆವು. ಊರಿನ ಐದು ಮಕ್ಕಳು ಬಂದವು. ಕೊಪ್ಪಲಿನಿಂದ ಒಂದೂ ಇಲ್ಲ.

ಮಾರನೆಯ ದಿನ ಚೆಲುವರಾಜು, ಸುನಂದಮ್ಮ, ನಾನು ಮೂವರೂ ಕೊಪ್ಪಲಿಗೆ ಹೋದೆವು. ಚಿನ್ನುವಿನ ತಾಯಿ ಚಾಪೆ ಹಾಸಿ ಕಾಫಿ ಕೊಟ್ಟಳು. ಮುಚ್ಚುಮರೆ ಏನೂ ಮಾಡಲಿಲ್ಲ.

"ಭಯ ಬುಡ್ಸಿದ್ದು ನೀವೇ ಅಲ್ವಾ ಮೇಡಮ್ಮೋರೆ? ಮೊದ್ಲಾದ್ರೆ ಕಣ್ಮುಂದೆ ಇರ್ಲಿ ಅಂತ ಇಲ್ಲೀಗೇ ಸೇರುಸ್ದೊ. ಈಗ ಮಗ ವ್ಯಾನಲ್ಲಿ ಓಗದ ಕಲ್ತವ್ನೆ. ಎಂಗೂ ವ್ಯಾನಲ್ಲೇ ಓಗದಾದ್ರೆ ಗಾವಡಗೆರೆ ಕಾನ್ವೆಂಟ್ಗೇ ಓಗ್ಲಿ. ಇಂಗ್ಲೀಸಾದ್ರೂ ಬತ್ತದೆ."

ನಾನು ಒಬ್ಬಳೇ ಟೀಚರಾದರೂ ಎಷ್ಟು ಕಷ್ಟಪಟ್ಟು ಕಲಿಸುತ್ತೇನೆ ಎಂದು ಹೇಳಲು ಬಾಯಿ ತೆಗೆದೆ. ಅಷ್ಟರಲ್ಲಿ ಅವಳೇ ಕೇಳಿದಳು:

"ನಿಮ್ಮ ಮಗ್ಳು ಯಾವ ಇಸ್ಕೂಲು?"

ಚುಚ್ಚಲು ಕೇಳಿದ್ದರೆ ನಾನೂ ಏನಾದರೂ ಚುಚ್ಚಿ ತಪ್ಪಿಸಿಕೊಳ್ಳುತ್ತಿದ್ದೆ. ಅವಳು ತಿಳಿಯಲೆಂದೇ ಕೇಳಿದ್ದಳು.

"ಹುಣಸೂರಲ್ಲಿ. ಕಾನ್ವೆಂಟು" ಎಂದೆ.

"ಚೆಂದಾಗಿ ಏಳ್ಕೊಡ್ತಾರಾ?"

"ಹ್ಞೂಂ."

ಚೆಲುವರಾಜು ಲೋಟದೊಳಗೆ ಏನೋ ಬಿದ್ದಿದೆ ಎನ್ನುವ ಹಾಗೆ ಅದನ್ನೇ ನೋಡುತ್ತಾ ಕೂತರು. ಮಗಳನ್ನು ಅಲ್ಲಿ ಸೇರಿಸಿದ್ದಕ್ಕೆ ನನ್ನ ಹತ್ತಿರ ಕಾರಣಗಳಿದ್ದವು. ಮನೆಬಾಗಿಲಿಗೆ ವ್ಯಾನು ಬರುತ್ತದೆ, ತರಗತಿಗೊಬ್ಬ ಟೀಚರಿದ್ದಾರೆ, ಇಂಗ್ಲಿಷ್ ಇದೆ. ಅವಳ ಕಾರಣಗಳೂ ಅವೇ. ಲೋಟ ಕೆಳಗಿಟ್ಟು ಎದ್ದೆ.

ಹಿಂದಿರುಗುವಾಗ ಎದುರಿಗೆ ಓಮ್ನಿ ಬಂತು. ಅದಕ್ಕೀಗ ಹಳದಿ ಪಟ್ಟಿ ಬಳಿದಿತ್ತು. ಒಳಗೆ ಟೈ ಕಟ್ಟಿಕೊಂಡ ನನ್ನ ಒಂಬತ್ತು ಮಕ್ಕಳು. ರಾತ್ರಿ ವಕಾರ್‌ನನ್ನು ನಿಲ್ಲಿಸಿ ಕೇಳಿದೆ.

"ಭಾಬಿ, ನಾನು ಆಗಲ್ಲ ಅಂದಿದ್ರೆ ಕೊಪ್ಪಲಿನವರು ಬೇರೆ ಗಾಡಿ ನೋಡ್ಕೊಳ್ತಿದ್ರು" ಎಂದ. "ಮಕ್ಕಳಿಗೆ ನನ್ನ ಅಭ್ಯಾಸ ಇದೆ ಅಂತ ನನ್ನನ್ನೇ ಕರೆದರು."

ನಾಲ್ಕು ದಿನ ಅವನ ಜೊತೆ ಮಾತು ಬಿಟ್ಟೆ. ಐದನೇ ದಿನ ಗ್ಯಾಸ್ ಸಿಲಿಂಡರ್ ತರಿಸಬೇಕಿತ್ತು, ಮಾತಾಡಿದೆ.

ಇನ್ನೊಂದು ಸಭೆ ಕರೆದೆ. ಮಹದೇವಪ್ರಸಾದ್ ಫೋನಿನಲ್ಲೇ, "ಇನ್ನೇನ್ ಮಾಡೋಕಾಗುತ್ತೆ ಮೇಡಂ" ಅಂದರು. ಚೆಲುವರಾಜು ಬಂದು ಕೂತುಹೋದ ಸೂರನ್ನು ಸುತ್ತ ನೋಡಿಕೊಂಡು ಹೋದರು. ಐದು ಮಕ್ಕಳ ಶಾಲೆ ಎಷ್ಟು ದಿನ ಎಂದು ಊರಿನವರೂ ಒಬ್ಬೊಬ್ಬರಾಗಿ ಟಿ.ಸಿ. ಕೇಳಿದರು. ಜುಲೈ ಮುಗಿಯುವಷ್ಟರಲ್ಲಿ ನಾಲ್ಕು ಬರೆದುಕೊಟ್ಟೆ. ಉಳಿದವಳು ಪುಟ್ಟಿ. ಅವಳೊಬ್ಬಳಿಗೆ ನಾನು ಮಗ್ಗಿ ಹೇಳಿಕೊಡುವುದು, ಅವಳೊಬ್ಬಳಿಗೆ ಸುನಂದಮ್ಮ ಅನ್ನ ಸಾರು ಮಾಡುವುದು. ಆಟದ ಪೀರಿಯಡ್ಡಿನಲ್ಲಿ ಅವಳು ಗೋಡೆಗೆ ಚೆಂಡು ಎಸೆದು ತಾನೇ ಹಿಡಿಯುತ್ತಿದ್ದಳು. ಒಂದು ಮಗು ಇದ್ದರೂ ಶಾಲೆ ಶಾಲೆಯೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಒಂದು ಶನಿವಾರ ಸುನಂದಮ್ಮ ಪಾತ್ರೆ ತೊಳೆದಿಟ್ಟು ಬಂದು ಮೇಜಿನ ಎದುರು ನಿಂತರು.

"ಪುಟ್ಟೀದೂ ಬರ್ಕೊಟ್ಬುಡಿ ಮೇಡಮ್ಮೋರೆ."

ಕೋಪ ಬಂತು. "ನೀವೂನಾ ಸುನಂದಮ್ಮ? ಅವಳು ಹೋದರೆ ಶಾಲೆಗೆ ಬೀಗ. ನಿಮ್ಮ ಕೆಲಸವೂ ಹೋಗುತ್ತೆ."

"ಗೊತ್ತು ಕಣ್ರವ್ವಾ. ನನಗೊಂದು ಕೆಲ್ಸ ಇರ್ಲಿ ಅಂತ ಆ ಮಗೀನ ಒಂಟಿ ಕೂರ್ಸ್ಲಾ? ಮನೇಲಿ ಗ್ವಾಡೆ ಜೊತೆ ಮಾತಾಡ್ತಾಳೆ."

ಅಳು ಬಂತು, ಇಬ್ಬರಿಗೂ. ಶಾಲೆ ಬಿಡಲು ಕಾರಣ ಎಂಬ ಜಾಗದಲ್ಲಿ 'ಪೋಷಕರ ಇಚ್ಛೆ' ಎಂದು ಬರೆದು ಸಹಿ ಹಾಕಿದೆ.

ಸೋಮವಾರ ಮೊದಲ ಬಸ್ಸಿಗೇ ಬಂದು ಶಾಲೆಯ ಗೇಟಿನಲ್ಲಿ ನಿಂತಿದ್ದೆ. ಹಳದಿ ಪಟ್ಟಿಯ ಓಮ್ನಿ ಬಂದು ನಿಂತಿತು. ಚಿನ್ನು ಒತ್ತರಿಸಿಕೊಂಡು ಪುಟ್ಟಿಗೆ ಜಾಗ ಬಿಟ್ಟ. ಅವಳನ್ನು ಹತ್ತಿಸಿದ ಸುನಂದಮ್ಮ, ಹೋದ ವರ್ಷದ ಅಭ್ಯಾಸಕ್ಕೆ ತಾವೂ ಒಂದು ಕಾಲು ಒಳಗಿಟ್ಟರು.

"ನೀವು ಬೇಡಮ್ಮ" ಎಂದ ವಕಾರ್, ಮೆಲ್ಲಗೆ. "ಒಬ್ಬಳೇ ಬರ್ತಾಳೆ."

ಅವರು ಕಾಲು ತೆಗೆದುಕೊಂಡರು. ಅಷ್ಟು ಜನ ತಾಯಂದಿರಿಗೆ ಒಳಗೆ ಹೋಗಿ ಎಂದು ಗದರಿದ್ದ ಹೆಂಗಸು ರಸ್ತೆಯ ನಡುವೆಯೇ ನಿಂತು ಕೈ ಬೀಸಿದರು. ನಾನೂ ಬೀಸಿದೆ. ಗಾಡಿ ಹೊರಟಿತು, ಹಿಂದಿನ ಗಾಜಿನಲ್ಲಿ ಪುಟ್ಟಿಯ ಎರಡು ಜಡೆ ಕಂಡವು. ತಿರುವಿನ ತನಕ ಅವಳು ಡ್ರೈವರಣ್ಣನ ತಲೆಯನ್ನೇ ನೋಡುತ್ತಿದ್ದಳು. ಅಜ್ಜಿ ಹೇಳಿಕೊಟ್ಟಿದ್ದನ್ನು ಮಗು ಮರೆತಿರಲಿಲ್ಲ.