ಮುಟ್ಟದ ಓಡಿ

ನನ್ನ ತಮ್ಮ ಗಿರಿಮಲ್ಲಪ್ಪನಿಗೆ ಬನಹಟ್ಟಿಯಲ್ಲಿ ಪವರ್‌ಲೂಮ್ ಮಗ್ಗಗಳಿವೆ, ಬಜಾರದಲ್ಲಿ ಸೀರೆ ಅಂಗಡಿ ಇದೆ, ಬ್ಯಾಂಕಿನಲ್ಲಿ ಒಂದು ಓವರ್‌ಡ್ರಾಫ್ಟ್ ಇದೆ. ಅವನಿಗೆ ಹೆಚ್ಚು ಪ್ರೀತಿ ಕೊನೆಯದರ ಮೇಲೆ. ಎಲ್ಲರೂ ಅದನ್ನು ಓಡಿ ಎನ್ನುತ್ತಾರೆ. ಖಾತೆಯಲ್ಲಿ ಹಣವಿಲ್ಲದಿದ್ದರೂ ಇಷ್ಟರವರೆಗೆ ತೆಗೆದುಕೊಳ್ಳಿ ಎಂದು ಬ್ಯಾಂಕು ಕೊಟ್ಟ ಮಾತು ಅದು. ತಮ್ಮ ಇಂದಿನವರೆಗೆ ಅದರಿಂದ ಒಂದು ರೂಪಾಯಿಯನ್ನೂ ತೆಗೆದಿಲ್ಲ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ಪಕ್ಕದವರಿಗೆ ಆ ಕತೆ ಹೇಳಿಯೇ ಹೋಳಿಗೆ ಮುರಿಯುತ್ತಾನೆ.

ದೀಪಾವಳಿ ಅಮಾವಾಸ್ಯೆಗೆ ಅಂಗಡಿಯಲ್ಲಿ ಲಕ್ಷ್ಮೀಪೂಜೆ ಮಾಡುವಾಗ ಓಡಿಯ ಚೆಕ್‌ಬುಕ್ಕನ್ನೂ ಇಟ್ಟು ಅರಿಸಿನ ಕುಂಕುಮ ಏರಿಸುತ್ತಾನೆ. ಪೂಜೆಗಿಟ್ಟ ಹಣವನ್ನು ಖರ್ಚು ಮಾಡಬಾರದೆಂಬುದು ನಮ್ಮ ಮನೆಯ ಪದ್ಧತಿ. ಅಪ್ಪ ಪೂಜೆಯ ಬೆಳ್ಳಿ ರೂಪಾಯಿಯನ್ನು ಹೀಗೆಯೇ ಮುಟ್ಟುತ್ತಿರಲಿಲ್ಲ. ಅದು ಅಪ್ಪನ ಸ್ವಂತ ರೂಪಾಯಿ, ಇದು ಬ್ಯಾಂಕಿನದು ಎಂದು ನಾನು ಹೇಳಿ ನೋಡಿದ್ದೆ. ‘ಅಕ್ಕಾ, ನೀ ಬಿ.ಎ. ಮಾಡೀದಿ, ಯಾಪಾರ ಮಾಡಿಲ್ಲ’ ಎಂದು ಬಾಯಿ ಮುಚ್ಚಿಸಿದ್ದ.

ಅವನ ಸೊಸೆ ಸಂಧ್ಯಾ ಕಂಪ್ಯೂಟರಿನಲ್ಲಿ ಸೆರಗಿನ ಚಿತ್ತಾರ ಬಿಡಿಸುತ್ತಾಳೆ. ಗಂಡ ಗೌರೀಶ ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ನೌಕರ. ಮಗ್ಗದ ಗೊಡವೆ ಅವನಿಗೆ ಬೇಡ, ಇವಳಿಗೆ ಬೇಕು. ಮಾವನ ಮಗ್ಗಗಳು ಸಾದಾ ಸೀರೆಯವು, ಹಾಗಾಗಿ ಅವಳ ಚಿತ್ತಾರಗಳನ್ನು ರಬಕವಿಯ ಇನ್ಯಾರದೋ ಮಗ್ಗದಲ್ಲಿ ಕೂಲಿ ಕೊಟ್ಟು ನೇಯಿಸಬೇಕಿತ್ತು. ಚಿತ್ತಾರವನ್ನು ತಾನೇ ಸೀರೆಗೆ ಇಳಿಸುವ ಜಕಾರ್ಡ್ ಯಂತ್ರವಿರುವ ಮಗ್ಗವೊಂದನ್ನು ತನ್ನ ಹೆಸರಿನಲ್ಲಿ ಕೊಳ್ಳಬೇಕೆಂಬುದು ಅವಳ ಆಸೆ. ಅದಕ್ಕೆ ಸಾಲ ಬೇಕು, ಸಾಲಕ್ಕೆ ಮಾವನ ಹೆಸರೂ ಜೊತೆಗಿರಬೇಕು. ತಮ್ಮ ಸಂತೋಷದಿಂದ ಒಪ್ಪಿದ. ಮುಟ್ಟದ ಓಡಿಯನ್ನು ನೋಡಿದರೆ ಬ್ಯಾಂಕಿನವರು ಎದ್ದು ನಿಂತು ಸಾಲ ಕೊಡುತ್ತಾರೆ ಎಂಬುದು ಅವನ ಲೆಕ್ಕ.

ನಾನು ಜಮಖಂಡಿಯಿಂದ ನಾಲ್ಕು ದಿನ ಇರಲೆಂದು ಬಂದವಳು, ತಮಾಷೆ ತಪ್ಪಬಾರದೆಂದು ಅವರಿಬ್ಬರ ಜೊತೆ ಬ್ಯಾಂಕಿಗೂ ಹೋದೆ. ತಮ್ಮ ಚೆಕ್‌ಬುಕ್ಕನ್ನು ಜರತಾರಿ ಕುಪ್ಪಸದ ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಸಾಲದ ಅಧಿಕಾರಿ ಶೈಲಾ ಸಣ್ಣ ವಯಸ್ಸಿನವಳು. ಅವಳ ಮೇಜಿನ ಮೇಲೆ ಗಂಟು ಬಿಚ್ಚಿದಾಗ ಹಲವು ದೀಪಾವಳಿಗಳ ಕುಂಕುಮ ಕಾಗದಗಳ ಮೇಲೆಲ್ಲ ಉದುರಿತು. ಅವಳು ಮುಖ ಗಂಟಿಕ್ಕಲಿಲ್ಲ, ಬುಟ್ಟಿಗೆ ಕೊಡವಲೂ ಇಲ್ಲ. ಬಿಳಿ ಹಾಳೆಯ ತುದಿಯಿಂದ ಅಷ್ಟನ್ನೂ ಒಟ್ಟುಗೂಡಿಸಿ, ಪೊಟ್ಟಣ ಕಟ್ಟಿ ತಮ್ಮನ ಕೈಗೆ ಕೊಟ್ಟಳು. ಆಮೇಲೆಯೇ ಕಹಿ ಮಾತು ಹೇಳಿದಳು.

‘ನೀವು ತಗೊಂಡಿಲ್ಲ ಖರೆ ರೀ, ಆದ್ರ ನಾಳಿ ಬೇಕಂದ್ರ ಪೂರ್ತಿ ತಗೋಬಹುದಲ್ಲ. ಅದಕ್ಕ ಆ ಮಿತೀನೂ ನಿಮ್ಮ ಸಾಲದ ಲೆಕ್ಕಕ್ಕ ಬರತೈತ್ರಿ.’

ಓಡಿಯನ್ನು ಹೀಗೇ ಇಟ್ಟುಕೊಂಡರೆ ಕೇಳಿದ್ದರಲ್ಲಿ ಅರ್ಧ ಸಾಲ ಸಿಗುತ್ತದೆ. ಮಗ್ಗ ಬರುತ್ತದೆ, ಜಕಾರ್ಡ್ ಬರುವುದಿಲ್ಲ. ಹಾಗೆಂದು ಓಡಿಯನ್ನು ಮುಚ್ಚಲೂ ಬೇಡ ಎಂದಳು ಶೈಲಾ. ಕಪ್ಪು ಚುಕ್ಕೆಯಿಲ್ಲದ ಹಳೆಯ ಖಾತೆ ಮನುಷ್ಯನ ಬಗ್ಗೆ ಒಳ್ಳೆಯ ಮಾತಾಡುತ್ತದೆ. ಮಿತಿಯನ್ನು ಚಿಕ್ಕದು ಮಾಡಿ ಇಟ್ಟುಕೊಂಡರೆ ಸಾಕು. ಓಡಿಯ ನವೀಕರಣಕ್ಕೆಂದು ತಮ್ಮ ವರ್ಷ ವರ್ಷ ಶುಲ್ಕ ಕಟ್ಟುತ್ತಿದ್ದುದೂ ಆಗ ಹೊರಬಿತ್ತು.

‘ಮುಧೋಳ ನಾಯಿ ಸಾಕಿ, ಬ್ಯಾಟಿಗೆ ಬಿಡಲಾರದ ಬರೇ ಹಾಲು ಹಾಕಿದಂಗ ಆತಲ್ಲೋ ತಮ್ಮಾ’ ಎಂದೆ. ಅವನು ನಗಲಿಲ್ಲ.

ಸಂಧ್ಯಾಗೆ ಅವನ ಮುಖ ಅರ್ಥವಾಯಿತು. ‘ಇರಲಿ ಬಿಡ್ರಿ ಮಾವಾರ, ಜಕಾರ್ಡ್ ಮುಂದ ನೋಡೂಣು’ ಎಂದು ತನ್ನ ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡಳು. ಜಗಳ ಮಾಡಿದ್ದರೆ ಅವನು ಗೆಲ್ಲುತ್ತಿದ್ದ. ಅವಳು ಬಿಟ್ಟುಕೊಟ್ಟಳು, ಅವನು ಆಟೋದಲ್ಲಿ ದಾರಿಯುದ್ದಕ್ಕೂ ಚೆಕ್‌ಬುಕ್ಕಿನ ಗಂಟನ್ನು ಬಿಚ್ಚಿ ಬಿಚ್ಚಿ ಕಟ್ಟಿದ.

ಅವನ ಅಂಜಿಕೆ ನನಗೆ ಗೊತ್ತಿತ್ತು. ಬನಹಟ್ಟಿಯಲ್ಲಿ ನೂಲು ಉದ್ದರಿ ಬರುತ್ತದೆ, ಸೀರೆ ಮಾರಿದ ಮೇಲೆ ಹಣ ಮುಟ್ಟುತ್ತದೆ. ನಡುವೆ ಇರುವುದು ಬರೀ ನಂಬಿಕೆ. ಗಿರಿಮಲ್ಲಪ್ಪನ ಓಡಿ ಇಳಿಯಿತಂತೆ ಎಂದು ಚಹಾದ ಅಂಗಡಿಯಲ್ಲಿ ಒಬ್ಬ ಅಂದರೆ, ಸಂಜೆಯೊಳಗೆ ಗಿರಿಮಲ್ಲಪ್ಪನೇ ಇಳಿದನಂತೆ ಎಂದಾಗುತ್ತದೆ ಎಂದು ಅವನು ಹೆದರಿದ್ದ.

ಸಂಧ್ಯಾಳನ್ನು ಮನೆಗೆ ಬಿಟ್ಟು, ನನ್ನನ್ನು ಬಸಗೊಂಡಪ್ಪನ ನೂಲಿನ ಅಂಗಡಿಗೆ ಕರೆದುಕೊಂಡು ಹೋದ. ಬಸಗೊಂಡಪ್ಪ ಅವನಿಗೆ ನೂಲು ಕೊಡುವವನು, ಬಾಲ್ಯದ ಗೆಳೆಯ. ತಮ್ಮ ಮೊದಲು ಕಬ್ಬಿನ ದರದ ಮಾತಾಡಿದ, ಬಿಸಿಲಿನ ಮಾತಾಡಿದ, ಕಡೆಗೆ ಚಹಾದ ಕಪ್ಪಿನೊಳಗೆ ನೋಡುತ್ತ ಕೇಳಿದ.

‘ಒಬ್ಬರದು ಓಡಿ ಕಡಿಮಿ ಆತಂದ್ರ, ನೀ ಅವರಿಗಿ ನೂಲು ಕೊಡತೀಯೇನು?’

‘ಯಾರದು?’

‘ಹಿಂಗ ಒಬ್ಬರದು. ನಿನಗ ಗುರ್ತಿಲ್ಲ.’

ತನ್ನ ಓಡಿಯ ಸುದ್ದಿ ಇಷ್ಟು ಸಲ ಹೇಳಿದವನು ಬನಹಟ್ಟಿಯಲ್ಲಿ ಇನ್ನೊಬ್ಬನಿಲ್ಲ. ಬಸಗೊಂಡಪ್ಪ ನನ್ನ ಕಡೆ ನೋಡಿದ. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಅವನು ಮಾತ್ರ ನಗಲಿಲ್ಲ. ಗುರುತಿಲ್ಲದವರ ಬಗ್ಗೆ ಮಾತಾಡುವಷ್ಟೇ ಗಂಭೀರವಾಗಿ ಉತ್ತರ ಕೊಟ್ಟ. ಆ ಮರ್ಯಾದೆಯನ್ನು ನಾನು ಮರೆಯುವುದಿಲ್ಲ.

‘ಅವರಿಗಿ ಹೇಳು, ಹೊತ್ತಿಗಿ ಸರಿಯಾಗಿ ರೊಕ್ಕ ಮುಟ್ಟಸತಾರಂತ ನಾ ನೂಲು ಕೊಡತೇನಿ. ಓಡಿ ಕಥಿ ಅವರು ಹೇಳತಾರ, ನಾವು ಚಾ ಕುಡಕೋತ ಕೇಳತೇವಿ, ಅಷ್ಟ. ಹತ್ತಿಪ್ಪತ್ತು ವರ್ಷ ಕೇಳೇವಿ. ಹೊಸಾ ಕಥಿ ಇದ್ರ ಹೇಳಂತ ಹೇಳು.’

ತಮ್ಮ ಕಪ್ಪನ್ನು ಕೆಳಗಿಟ್ಟ. ತನ್ನ ಸೊಸೆ ನವಿಲನ್ನು ಗರಿ ಗರಿಯಾಗಿ ಹೇಗೆ ಬಿಡಿಸುತ್ತಾಳೆಂದು ಹೇಳಲು ಶುರು ಮಾಡಿದ. ಬಸಗೊಂಡಪ್ಪ ಪಾಪ, ಇನ್ನೊಂದು ಸುತ್ತು ಚಹಾ ತರಿಸಿದ.

ಮರುದಿನ ಬ್ಯಾಂಕು ತೆರೆಯುವ ಮೊದಲೇ ತಮ್ಮ ಬಾಗಿಲಲ್ಲಿದ್ದ. ಮಿತಿ ಇಳಿಸಲು ಅರ್ಜಿ ಕೊಟ್ಟು, ಆಮೇಲೆ ಸಂಧ್ಯಾಳನ್ನು ಕರೆಸಿದ. ಬ್ಯಾಂಕಿನವರು ಮನೆಗೆ ಬಂದು ಮಗ್ಗ ಹೂಡುವ ಜಾಗ ನೋಡಿಹೋದರು. ತಿಂಗಳೊಳಗೆ, ಜಕಾರ್ಡ್ ಸಮೇತ ಪೂರ್ತಿ ಸಾಲ ಮಂಜೂರಾಗಿದೆ ಎಂದು ಶೈಲಾಳ ಫೋನು ಬಂತು. ಸಹಿ ಮಾಡುವುದನ್ನು ನೋಡಲೆಂದೇ ನಾನು ಮತ್ತೆ ಜಮಖಂಡಿಯಿಂದ ಬಂದೆ.

ಕರಾರುಪತ್ರ ಮುಂದಿಟ್ಟಾಗ ಸಂಧ್ಯಾ ರೂಢಿಯಂತೆ ಪೆನ್ನನ್ನು ಮಾವನಿಗೆ ಕೊಟ್ಟಳು. ತಮ್ಮ ತೆಗೆದುಕೊಳ್ಳದೆ, ಹಾಳೆಯನ್ನು ಅವಳ ಕಡೆಗೆ ತಿರುಗಿಸಿ ಇಟ್ಟ. ಅವಸರದಲ್ಲಿ ಅವಳ ಮೊದಲ ಅಕ್ಷರ ಸೊಟ್ಟಗಾಯಿತು.

‘ಸಾವಕಾಶ ಬರಿ’ ಎಂದ ಅವನು. ‘ಇನ್ನ ಮುಂದ ಎಲ್ಲಾ ಕಡೆ ಇದ ಸಹಿ ಬೇಕಾಗತೈತಿ.’