ಹೋದ ವರ್ಷದ ಪಾಲು ಹೋದ ವರ್ಷಕ್ಕೇ ಸೇರಲಿ

ಸಂಜೆಯಾಯಿತೆಂದರೆ ಕತ್ತರಿ ಅಕ್ಕನ ಬಲ ಮಣಿಕಟ್ಟು ಅವಳ ಮಾತು ಕೇಳುವುದಿಲ್ಲ. ಅವಳ ಸಲೂನ್ ಇರುವ ಬೀದಿಯ ಅರ್ಧ ಜನರ ಕೂದಲು ಅವಳ ಕೈಯಲ್ಲೇ ಬೆಳೆದು, ಅವಳ ಕೈಯಲ್ಲೇ ನರೆತಿದೆ. ಇನ್ನು ಕೆಲವು ವರ್ಷ ಕಳೆದರೆ ಕತ್ತರಿ ಕೆಳಗಿಡಬೇಕು. ಅದಕ್ಕೆಂದೇ ನಿವೃತ್ತಿ ಖಾತೆಗೆ ಹಣ ಕಟ್ಟುತ್ತಾಳೆ. ವರ್ಷಕ್ಕೆ ಇಷ್ಟೇ ಕಟ್ಟಬಹುದೆಂಬ ಮಿತಿ ಅದಕ್ಕುಂಟು.

ಹೋದ ವರ್ಷದ ಪಾಲು ಬಾಕಿ ಉಳಿದಿತ್ತು. ತೆರಿಗೆ ರಿಟರ್ನ್ಸ್ ಸಲ್ಲಿಸುವ ಕೊನೆಯ ದಿನದವರೆಗೂ ಅದನ್ನು ಕಟ್ಟಬಹುದೆಂದು ತಿಳಿದು, ಹೊಸ ವರ್ಷ ಹುಟ್ಟಿದ ಮೇಲೆ ಕಟ್ಟಿದಳು. ಆಗ ಅವಳ ಕೈಯಲ್ಲಿ ಬಣ್ಣ ಮೆತ್ತಿದ ಗವಸು. ಫೋನಿನಲ್ಲಿ ಒತ್ತಿದವನು ಗಂಡ. ಈಗ ರಸೀದಿ ನೋಡಿದರೆ ಹಣ ಈ ವರ್ಷದ ಲೆಕ್ಕಕ್ಕೆ ಹೋಗಿದೆ.

"ಹೋದ್ರೆ ಹೋಗ್ಲಿ ಬಿಡೇ," ಎಂದ ಗಂಡ, ಬಾಚಣಿಗೆ ತೊಳೆಯುತ್ತ. "ದುಡ್ಡು ನಮ್ಮ ಖಾತೇಲೇ ಇದೆ ತಾನೆ? ಪಕ್ಕದ ಮನೆಗೇನೂ ಹೋಗಿಲ್ವಲ್ಲ."

ಕುರ್ಚಿಯಲ್ಲಿ ಕೂತಿದ್ದವಳು ತೆರಿಗೆ ಸಲಹಾ ಕೇಂದ್ರದಲ್ಲಿ ಕೆಲಸ ಮಾಡುವ ಅಕ್ಕನ ಗೆಳತಿ. ಅರ್ಧ ತಲೆಗೆ ಬಣ್ಣ ಹತ್ತಿತ್ತು, ಏಳುವಂತಿರಲಿಲ್ಲ. ಕನ್ನಡಿಯೊಳಗಿನ ಅವನಿಗೇ ಹೇಳಿದಳು:

"ಭಾವ, ಈ ವರ್ಷದ ಜಾಗ ತುಂಬಿಹೋಯ್ತು. ಇನ್ನೂ ಕಟ್ಟೋಕೆ ಹೋದ್ರೆ ಮಿತಿ ಮೀರಿ ದಂಡ ಬೀಳುತ್ತೆ. ಹೋದ ವರ್ಷದ ಜಾಗ ಖಾಲಿ ಬಿದ್ದಿದೆ, ಕೊನೆ ದಿನ ದಾಟಿದ್ರೆ ಅದು ಮತ್ತೆ ಸಿಗಲ್ಲ."

"ಫೋನ್ ತೋರಿಸಿದ್ದನ್ನೇ ನಾನು ಒತ್ತಿದ್ದು."

"ಅದು ತಾನಾಗೇ ಈ ವರ್ಷ ತೋರಿಸುತ್ತೆ. ಹಿಂದಿನ ವರ್ಷ ಬೇಕಿದ್ರೆ ನಾವೇ ಆರಿಸ್ಬೇಕು."

"ಅಂದ್ರೆ ತಪ್ಪು ನಂದು ಅಂತೀಯ."

"ನಾನೆಲ್ಲಂದೆ? ನೀವೇ ಅಂದ್ರಿ."

ಕತ್ತರಿ ಅಕ್ಕ ನಗು ನುಂಗಿಕೊಂಡಳು. ಗಂಡನ ಹಟದ ಕೆಳಗಿದ್ದದ್ದು ಅಳುಕು ಎಂದು ಅವಳಿಗೆ ಗೊತ್ತಿತ್ತು.

"ಸುಮ್ನೆ ಕೆದಕಿದ್ರೆ ಕಚೇರಿಯವ್ರು ಹಳೇ ಲೆಕ್ಕ ಎಲ್ಲಾ ತೆಗೀತಾರೆ," ಎಂದ ಅವನು, ದನಿ ಇಳಿಸಿ. "ಕಳ್ಳರನ್ನ ನೋಡ್ದಂಗೆ ನೋಡ್ತಾರೆ."

"ಇಂಥ ತಪ್ಪು ತಿದ್ದೋದು ಅವರಿಗೆ ದಿನಾ ಇರೋ ಕೆಲ್ಸ. ಖಾತೆ ಇರೋ ಕಚೇರಿಗೆ ಹೋಗಿ, ಈ ಹಣ ಹೋದ ವರ್ಷದ ಲೆಕ್ಕಕ್ಕೆ ಸೇರಬೇಕಿತ್ತು, ಬದಲಾಯಿಸಿ ಅಂತ ಅಕ್ಕನ ಸಹಿ ಹಾಕಿದ ಪತ್ರ ಕೊಡಿ. ಜೊತೆಗೆ ರಸೀದಿ. ಬದಲಾಗಿದೆ ಅಂತ ಬರಹದಲ್ಲಿ ಪಡ್ಕೊಳ್ಳಿ. ರಿಟರ್ನ್ಸಲ್ಲೂ ಅದೇ ವರ್ಷ ತೋರಿಸಿ. ಎಲ್ಲಾ ಕೊನೆ ದಿನದೊಳಗೆ ಆಗ್ಬೇಕು."

"ಇವಳ ಕೈಗೆ ದಿನಾ ಎಣ್ಣೆ ತಿಕ್ತೀನಿ ನಾನು. ಕಾಳಜಿ ಇಲ್ಲ ಅಂದ್ಕೋಬೇಡ."

ಕತ್ತರಿ ಅಕ್ಕ ಕುಂಚ ಕೆಳಗಿಟ್ಟಳು. "ಆ ಪಾಲು ತಪ್ಪಿದ್ರೆ ನಾನು ಇನ್ನೂ ಒಂದು ವರ್ಷ ಜಾಸ್ತಿ ನಿಲ್ಬೇಕು ಕಣ್ರೀ. ನನ್ನ ಕೈಲಾಗಲ್ಲ."

ಮರುದಿನ ಗಂಡ ಪತ್ರಕ್ಕೆ ಅವಳ ಸಹಿ ಹಾಕಿಸಿಕೊಂಡು ತಾನೇ ಕಚೇರಿಗೆ ಹೋದ.

"ಏನಂದ್ರು?" ಬಂದವನನ್ನು ಅವಳು ಕೇಳಿದಳು.

"ಏನೂ ಅನ್ಲಿಲ್ಲ. ತಗೊಂಡ್ರು, ಮುದ್ರೆ ಒತ್ತಿದ್ರು. ಯಾರು ತಪ್ಪು ಮಾಡಿದ್ದು ಅಂತಾನೂ ಕೇಳ್ಲಿಲ್ಲ." ಮುದ್ರೆ ಬಿದ್ದ ಪ್ರತಿಯನ್ನು ಅವಳ ಕೈಗಿಟ್ಟು ಹೇಳಿದ: "ನಾನೇ ಹೇಳ್ಬಿಟ್ಟೆ."

ಕೊನೆಯ ದಿನಕ್ಕೆ ಮೊದಲೇ ಹಣ ಹೋದ ವರ್ಷದ ಲೆಕ್ಕಕ್ಕೆ ಸೇರಿತು. ಈ ವರ್ಷದ ಪಾಲು ಕಟ್ಟಲು ಅವಳಿಗೆ ಜಾಗ ಉಳಿಯಿತು.

ಓದುತ್ತಿರುವ ನೀವೂ ನಿಮ್ಮ ರಸೀದಿ ತೆಗೆದು, ಹಣ ಯಾವ ವರ್ಷಕ್ಕೆ ಸೇರಿದೆ ನೋಡಿ. ತಪ್ಪಿದ್ದರೆ ಇವತ್ತೇ ಖಾತೆಯ ಕಚೇರಿಗೆ ಬರೆದುಕೊಡಿ. ರಿಟರ್ನ್ಸ್ ಆಗಲೇ ಸಲ್ಲಿಸಿದ್ದರೆ ಅದನ್ನೂ ತಿದ್ದಬೇಕೇ ಎಂದು ವಿಚಾರಿಸಿ. ನಿಯಮ ಎಲ್ಲ ಖಾತೆಗೂ ಒಂದೇ ಅಲ್ಲ, ತಿಳಿದವರನ್ನು ಕೇಳಿ. ಕೇಳಲು ಸಂಕೋಚಪಟ್ಟು ದಿನ ದೂಡಬೇಡಿ. ದುಡಿದು ದಣಿದ ಕೈ ನಿಮ್ಮದು.